ಸ್ಪೇಸ್ ಒತ್ತಿದರೆ ನಿಲ್ಲುತ್ತಿದ್ದ ಕಾಲ

ಹೋದ ವರ್ಷ ಜೂನ್ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ, ಹೊಸಪೇಟೆ ಚಿತ್ತವಾಡ್ಗಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗುವ ಕೆಲಸದವನೊಬ್ಬ ತನ್ನ ಗೆಳೆಯನ ಮುಖಕ್ಕೆ ಕೀಬೋರ್ಡಿನಿಂದ ಹೊಡೆದ. ಏಟು ಎಡಗೈಯದು. ಗೆಳೆಯ ಹಂಪಿಯವನು, ಸರ್ಕಾರಿ ಕೆಲಸದಲ್ಲಿರುವ ಎಂಜಿನಿಯರ್. ಏಟಿನ ರಭಸಕ್ಕೆ ಕುರ್ಚಿಯಿಂದ ಉರುಳಿದವನ ಗದ್ದ ಕಬ್ಬಿಣದ ಮೇಜಿನ ಅಂಚಿಗೆ ಬಡಿಯಿತು. ಕೆಳದವಡೆ ಎರಡು ಕಡೆ ಮುರಿಯಿತು. ಮುಂದಿನ ಎರಡು ಹಲ್ಲು ಅಲ್ಲೇ ಬಿದ್ದವು. ಅವುಗಳಲ್ಲಿ ಒಂದನ್ನು ಆಮೇಲೆ ಪ್ರಿಂಟರಿನ ಕೆಳಗಿಂದ ತೆಗೆದವನು ನಾನು.

ಜಗಳಕ್ಕೆ ಮೊದಲು ನಡೆದಿದ್ದ ಚರ್ಚೆಯ ವಿಷಯ ಇದು: ಕಂಪ್ಯೂಟರಿನ ರೋಲ್ ಪ್ಲೇಯಿಂಗ್ ಆಟಗಳಿಗೆ, ಅಂದರೆ ಆಡುವವನೇ ಕಥೆಯ ಪಾತ್ರವಾಗಿ ಅಲೆಯುವ ಆಟಗಳಿಗೆ, ಚಿನ್ನದ ಕಾಲ ಯಾವುದು. ಅಂಗಡಿಯಲ್ಲಿ ನಾಲ್ವರಿದ್ದೆವು. ಹೊಡೆದವನು, ಹೊಡೆಸಿಕೊಂಡವನು, ಅಂಗಡಿಯವರು, ನಾನು. ನಾನು ಹೊಸಪೇಟೆಯ ಪತ್ರಿಕಾ ಕಚೇರಿಯೊಂದರಲ್ಲಿ ಉಪಸಂಪಾದಕ. ನಾಲ್ವರಿಗೂ ನಲವತ್ತು ದಾಟಿದೆ.

ನಮ್ಮ ಪರಿಚಯ ಇದೇ ಅಂಗಡಿಯಲ್ಲಿ ಆದದ್ದು. ಇಪ್ಪತ್ತು ವರ್ಷಗಳ ಹಿಂದೆ ಇದು ಆರು ಕಂಪ್ಯೂಟರುಗಳ ಸೈಬರ್ ಕೆಫೆ. ಅದಿರು ಲಾರಿಗಳು ಊರಿನ ನಡುವೆ ಸಾಲುಗಟ್ಟಿ ಓಡುತ್ತಿದ್ದ ಕಾಲ. ಕೀಬೋರ್ಡ್ ತಲೆಕೆಳಗು ಮಾಡಿ ಕೊಡವಿದರೆ ಕೆಂಪು ಧೂಳು ಬೀಳುತ್ತಿತ್ತು. ಅಂಗಡಿಯವರು ಬಳ್ಳಾರಿಯಿಂದ ತಂದ ಒಂದು ಸಿ.ಡಿ.ಯಲ್ಲಿ ಅಂಥದೊಂದು ಆಟ ಇತ್ತು. ಆರು ಜನರ ಒಂದು ತಂಡವನ್ನು ನಾವೇ ಹುಟ್ಟಿಸಬೇಕು, ಹೆಸರಿಡಬೇಕು, ಆಯುಧ ಕೊಡಬೇಕು. ಕಾಡು, ಕೋಟೆ, ನೆಲಮಾಳಿಗೆಗಳಲ್ಲಿ ಅಲೆಯಬೇಕು. ಸಿಕ್ಕವರ ಜೊತೆ ಮಾತಾಡಬೇಕು ಅಥವಾ ಅವರನ್ನು ಕೊಲ್ಲಬೇಕು. ಹೊಡೆದಾಟದ ನಡುವೆ ಸ್ಪೇಸ್ ಬಾರ್ ಒತ್ತಿದರೆ ಎಲ್ಲವೂ ನಿಲ್ಲುತ್ತಿತ್ತು. ಎತ್ತಿದ ಕೊಡಲಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಆರು ಜನರಿಗೂ ಏನು ಮಾಡಬೇಕೆಂದು ಹೇಳಿ ಮತ್ತೆ ಒತ್ತಿದರೆ ಕೊಡಲಿ ಇಳಿಯುತ್ತಿತ್ತು.

ಆಟದ ತುಂಬ ಇಂಗ್ಲಿಷ್ ಮಾತು. ಅದರಿಂದಲೇ ನಮ್ಮಲ್ಲಿ ಒಂದು ಪದ್ಧತಿ ಬಂತು. ಎಂಜಿನಿಯರ್ ಆಗ ವಿದ್ಯಾರ್ಥಿ. ಅವನ ಇಬ್ಬರು ಅಣ್ಣಂದಿರು ಗುಡಿಯ ಅರ್ಚಕರು, ಇವನಿಗೂ ಗಂಟಲು ಚೆನ್ನಾಗಿತ್ತು. ಅವನು ಪರದೆಯ ಮೇಲಿನ ಸಾಲುಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಮಂತ್ರವಾದಿಯೊಬ್ಬ ಸಾಯುವಾಗ ಆಡಿದ ಶಾಪವನ್ನು ಅವನು ಹೇಳಿದರೆ ಪಕ್ಕದ ಮೇಜಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಲು ಬಂದವರೂ ತಿರುಗಿ ನೋಡುತ್ತಿದ್ದರು. ನಾನು ನಕ್ಷೆ ಬರೆಯುತ್ತಿದ್ದೆ. ಅಂಗಡಿಯವರು ನಮಗಿಂತ ಐದಾರು ವರ್ಷ ದೊಡ್ಡವರು. ಯಂತ್ರ ಕೈಕೊಟ್ಟರೆ ಸರಿಮಾಡುವವರು ಅವರು. ಮೌಸ್ ಹಿಡಿಯುತ್ತಿದ್ದವನು, ಈಗ ಹೊಡೆದವನು, ಆಗ ಬಂಡ್ರಿಯಿಂದ ಬರುತ್ತಿದ್ದ ಹುಡುಗ. ಐ.ಟಿ.ಐ. ಮುಗಿಸಿ ಸಂಡೂರಿನ ಕಡೆಯ ಅದಿರು ಜರಡಿ ಘಟಕವೊಂದರಲ್ಲಿ ಫಿಟ್ಟರ್ ಆಗಿ ಸೇರಿದ್ದ. ಅವನಷ್ಟು ವೇಗದ ಕೈಯನ್ನು ನಾನು ಕಂಡಿಲ್ಲ. ಸ್ಪೇಸ್ ಒತ್ತಿ, ಆರು ಜನರಿಗೂ ಅಪ್ಪಣೆ ಕೊಟ್ಟು, ಅವನು ಮತ್ತೆ ಆಟ ಬಿಡುವ ಹೊತ್ತಿಗೂ ನಾವು ಇನ್ನೂ ಶತ್ರುಗಳನ್ನು ಎಣಿಸುತ್ತಿರುತ್ತಿದ್ದೆವು. ಅವನನ್ನು ನಾವು ಫಿಟ್ಟರ್ ಎಂದೇ ಕರೆಯುತ್ತಿದ್ದೆವು. ಅವನು ಎಂಜಿನಿಯರನನ್ನು ಆಚಾರ್ ಎನ್ನುತ್ತಿದ್ದ.

ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎನ್ನುವುದು ಕೈ ಎತ್ತಿ ತೀರ್ಮಾನವಾಗುತ್ತಿತ್ತು. ಆಟದ ಒಂದು ಊರಿನಲ್ಲಿ ಬೀಗದ ಕೈ ಕೊಡಲು ಒಪ್ಪದ ಮುದುಕನೊಬ್ಬನನ್ನು ಮೂರು ಕೈಗಳ ಬಹುಮತದಿಂದ ಕೊಂದೆವು. ಕೊಡಲಿ ಬಿದ್ದರೆ ಆ ಆಟದಲ್ಲಿ ದೇಹ ತುಂಡು ತುಂಡಾಗಿ ಸಿಡಿಯುತ್ತಿತ್ತು. ಮುದುಕ ಸಾಯುವಾಗ ಒಂದು ಸಾಲು ಬಂತು. ಕೈ ಎತ್ತದಿದ್ದ ಎಂಜಿನಿಯರ್ ಅದನ್ನು ಇಂಗ್ಲಿಷಿನಲ್ಲಿ ಓದಿದ, ಕನ್ನಡದಲ್ಲಿ ಹೇಳಲಿಲ್ಲ. ಏನಂದ ಎಂದು ಫಿಟ್ಟರ್ ಮೂರು ಸಲ ಕೇಳಿದ. ನೀವು ಕೊಂದವರು, ನೀವೇ ಓದಿಕೊಳ್ರಿ ಎಂದು ಎಂಜಿನಿಯರ್ ಎದ್ದು ಚಹಾಕ್ಕೆ ಹೋದ. ಆ ವಾರ ಫಿಟ್ಟರ್ ಒಂದು ಸಣ್ಣ ಶಬ್ದಕೋಶ ತಂದ. ಅವನು ಇಂಗ್ಲಿಷ್ ಕಲಿತದ್ದು ಹಾಗೆ.

ಮುಂದೆ ಗಣಿಗಳು ನಿಂತವು, ಮತ್ತೆ ಶುರುವಾದವು. ಕೆಫೆ ರಿಪೇರಿ ಅಂಗಡಿಯಾಯಿತು. ನಾವು ಭಾನುವಾರ ಸೇರುವುದು ತಪ್ಪಲಿಲ್ಲ.

ಫಿಟ್ಟರನ ಕೈ ಹೋದದ್ದು ಗಣಿಗಳು ಮತ್ತೆ ಶುರುವಾದ ಮೇಲಿನ ಒಂದು ಮಳೆಗಾಲದಲ್ಲಿ. ಒದ್ದೆ ಅದಿರು ಅಂಟಂಟಾಗಿ ಕನ್ವೇಯರ್ ಬೆಲ್ಟಿನ ಕೆಳಗಿನ ರೋಲರಿಗೆ ಮೆತ್ತಿಕೊಳ್ಳುತ್ತದೆ. ಬೆಲ್ಟ್ ನಿಲ್ಲಿಸಿ ಕೆರೆಯಬೇಕು ಎನ್ನುವುದು ನಿಯಮ. ಆದರೆ ತುಂಬಿದ ಬೆಲ್ಟ್ ನಿಂತರೆ ಮತ್ತೆ ಹೊರಡುವುದು ಕಷ್ಟ. ಮೇಲಿನ ಅದಿರನ್ನು ಸಲಿಕೆಯಲ್ಲಿ ಇಳಿಸಬೇಕು, ಆ ಪಾಳಿಯ ಲೆಕ್ಕ ತಪ್ಪುತ್ತದೆ. ಹಾಗಾಗಿ ಓಡುವ ಬೆಲ್ಟಿನ ಕೆಳಗೆ ಕಂಬಿ ಹಾಕಿ ಕೆರೆಯುವುದು ಅಲ್ಲಿ ರೂಢಿ. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಎಳೆದರೆ ಯಂತ್ರ ನಿಲ್ಲಬೇಕು. ಮಳೆಗೆ ಅದು ತಾನಾಗಿಯೇ ಎಳೆದುಕೊಂಡು ಮತ್ತೆ ಮತ್ತೆ ಬೆಲ್ಟ್ ನಿಲ್ಲಿಸುತ್ತಿದ್ದ ಕಾರಣ ಯಾರೋ ಅದರ ಸ್ವಿಚ್ಚನ್ನು ತಂತಿ ಸುತ್ತಿ ಕಟ್ಟಿದ್ದರು. ಫಿಟ್ಟರ್ ಕಂಬಿ ಹಾಕಿದ. ರೋಲರ್ ಕಂಬಿಯನ್ನು ಎಳೆದುಕೊಂಡಿತು, ಕಂಬಿಯ ಹಿಂದೆ ಕೈಗವಸು, ಕೈಗವಸಿನ ಹಿಂದೆ ಕೈ. ಎಡಗೈಯಿಂದ ಹಗ್ಗ ಎಳೆದ. ಬೆಲ್ಟ್ ನಿಲ್ಲಲಿಲ್ಲ. ಮತ್ತೆ ಎಳೆದ. ಯಾರೋ ಓಡಿ ಹೋಗಿ ಮೇಲಿನ ಕೋಣೆಯಲ್ಲಿ ಹೇಳಿ ನಿಲ್ಲಿಸುವ ಹೊತ್ತಿಗೆ ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಬುಡಸಹಿತ ಹೋಗಿದ್ದವು, ಅಂಗೈಯ ಮಾಂಸ ಮಣಿಕಟ್ಟಿನವರೆಗೆ ಸುಲಿದಿತ್ತು. ಉಂಗುರದ ಬೆರಳು, ಕಿರುಬೆರಳು ಉಳಿದವು.

ಆ ಸುದ್ದಿ ನನ್ನ ಮೇಜಿಗೇ ಬಂತು. ಹೆಸರು ನೋಡಿದ ಮೇಲೂ ನಾನು ಮಾಡಬೇಕಾದ್ದನ್ನೇ ಮಾಡಿದೆ. ಘಟಕಕ್ಕೆ ಫೋನ್ ಮಾಡಿ ವಿವರ ಕೇಳಿದೆ. ಗಾಯಾಳು ಬಳ್ಳಾರಿಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಇದ್ದ. ಘಟಕದವರು ಹೇಳಿದ್ದನ್ನು ಬರೆದೆ. ಮಾರನೆಯ ದಿನ ಐದು ಸಾಲು ಬಂತು: ಕೆಲಸದ ವೇಳೆ ಕೈ ಜಾರಿ ಕನ್ವೇಯರ್ ಬೆಲ್ಟಿಗೆ ಸಿಲುಕಿ ಕಾರ್ಮಿಕನೊಬ್ಬ ಗಾಯಗೊಂಡಿದ್ದಾನೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಅವನು ತಂತಿ ಕಟ್ಟಿದ್ದ ಸ್ವಿಚ್ಚಿನ ವಿಷಯ ಹೇಳಿದ. ಕಚೇರಿಯಲ್ಲಿ ಹೇಳಿದೆ. ತಿದ್ದುಪಡಿ ಬರಲಿಲ್ಲ. ಘಟಕದ ವರದಿಯಲ್ಲೂ ಕೈ ಜಾರಿ ಎಂದೇ ಆಯಿತು. ಅವನು ಆ ಕೆಲಸ ಬಿಟ್ಟು, ಕೆಲವು ತಿಂಗಳ ಮೇಲೆ ಕಂಪ್ಲಿಯ ಗಿರಣಿಯಲ್ಲಿ ಭತ್ತದ ಲಾರಿ ತೂಗುವ ಕೆಲಸಕ್ಕೆ ಸೇರಿದ. ಸಂಸಾರವನ್ನೂ ಅಲ್ಲಿಗೇ ಕರೆದುಕೊಂಡು ಹೋದ.

ಒಂದು ವರ್ಷ ಅವನು ಅಂಗಡಿಗೆ ಬರಲಿಲ್ಲ. ಬಂದಾಗ ಎಡಗೈಯಲ್ಲಿ ಮೌಸ್ ಹಿಡಿಯಲು ಕಲಿತಿದ್ದ. ಹಳೆಯ ಆಟ ಹಾಕಿಸಿ ಹಳೆಯ ಕುರ್ಚಿಯಲ್ಲಿ ಕುಳಿತ. ಉಳಿದ ಕಿರುಬೆರಳಿನಿಂದ ಸ್ಪೇಸ್ ಒತ್ತುತ್ತಿದ್ದ. ಮೊದಲಿನ ಕಾಲುಭಾಗ ವೇಗವೂ ಇರಲಿಲ್ಲ. ಆದರೆ ಆ ಆಟಕ್ಕೆ ಅದು ಸಾಕಿತ್ತು, ಅದು ಕಾಯುತ್ತಿತ್ತು. ಎಂಜಿನಿಯರ್ ಓದಿದ, ನಾನು ನಕ್ಷೆ ತೆಗೆದೆ, ಅವನು ಹೊಡೆದ. ಹೊಸ ಆಟಗಳಲ್ಲಿ ಆ ಕುರ್ಚಿ ಅವನದಾಗಿ ಉಳಿಯುತ್ತಿರಲಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕೈಯ ಹತ್ತೂ ಬೆರಳು ಒಟ್ಟಿಗೆ ಓಡಬೇಕು. ಇದು ನಾಲ್ವರಿಗೂ ಗೊತ್ತಿತ್ತು. ಚಿನ್ನದ ಕಾಲ ಯಾವುದೆಂದು ನಾವು ಮೂವರು ವಾದಿಸುತ್ತಿದ್ದದ್ದು ಹೊತ್ತು ಹೋಗಲೆಂದು. ಅವನು ವಾದಿಸುತ್ತಿದ್ದದ್ದು ಆ ಕುರ್ಚಿಗಾಗಿ.

ನಾಲ್ವರದೂ ನಾಲ್ಕು ನಿಲುವು. ನನ್ನದು ಎಲ್ಲಕ್ಕಿಂತ ಹಳೆಯ ಕಾಲ, ಚೌಕಳಿ ಕಾಗದದ ಮೇಲೆ ಒಂದೊಂದೇ ಹೆಜ್ಜೆ ಗುರುತು ಮಾಡುತ್ತ ನೆಲಮಾಳಿಗೆ ಇಳಿಯುವ ಆಟಗಳು. ಅವುಗಳನ್ನು ನಾನು ಆಡಿದ್ದು ಅವು ಬಂದು ಎಷ್ಟೋ ವರ್ಷಗಳ ಮೇಲೆ. ನನ್ನ ಪರ ಯಾರೂ ಇರಲಿಲ್ಲ. ಪಾಳು ಊರಿನ ಗೋಡೆ ಹಿಡಿದು ಅಲೆಯೋದಕ್ಕೆ ಕಂಪ್ಯೂಟರ್ ಯಾಕೆ, ನಮ್ಮೂರಿಗೆ ಬಾ, ಟಿಕೆಟ್ ತಗೊಂಡು ಅಲೆದಾಡು ಎಂದು ಎಂಜಿನಿಯರ್ ಹಂಗಿಸುತ್ತಿದ್ದ. ಅಂಗಡಿಯವರಿಗೆ ನಡುವಿನ ಕಾಲ ಇಷ್ಟ. ಆಟದೊಳಗೆ ಇಡೀ ನಾಡು ತೆರೆದುಕೊಂಡು, ಎತ್ತ ಬೇಕಾದರೂ ನಡೆಯಬಹುದಾದ ವರ್ಷಗಳು. ಕಂಡ ಗುಡ್ಡ ಹತ್ತಲು ಬರಬೇಕು, ನಿಮ್ಮ ಆಟದಲ್ಲಿ ಗುಡ್ಡ ಅಂದರೆ ಗೋಡೆಗೆ ಬಳಿದ ಚಿತ್ರ ಎನ್ನುತ್ತಿದ್ದರು. ಎಂಜಿನಿಯರ್ ಈಗಿನ ಕಾಲದ ಪರ.

"ಆಗ ಎಲ್ಲಾ ನಾನೇ ಓದಬೇಕು," ಎನ್ನುತ್ತಿದ್ದ. "ರಾಣಿ ನಾನೇ, ರಾಕ್ಷಸ ನಾನೇ. ಈಗ ಅವರವರೇ ಮಾತಾಡ್ತಾರ. ಮುಖದಾಗ ಕಣ್ಣೀರು ಕಾಣ್ತದ. ಚಿನ್ನ ಅಂದ್ರ ಇದ ಲೇ."

"ಅವರು ಮಾತಾಡ್ತಾರ, ನೀ ಬಾಯಿ ಮುಚ್ಕೊಂಡು ಕುಂದರ್ತಿ," ಎನ್ನುತ್ತಿದ್ದ ಫಿಟ್ಟರ್. "ಆ ಲೆಕ್ಕಕ್ಕ ಚಲೋನ ಐತಿ ಬಿಡು, ಆಚಾರ್ರ."

ಫಿಟ್ಟರ್ ತನ್ನ ಕಾಲದ ಪರ ಹೇಳುತ್ತಿದ್ದ ಕಾರಣಗಳು ಬೇರೆ. ಅವನು ಎಂದೂ ಕೈಯ ಮಾತು ಎತ್ತುತ್ತಿರಲಿಲ್ಲ. ಆಗಿನ ಆಟದಲ್ಲಿ ಬರವಣಿಗೆ ಇತ್ತು, ಆರು ಜನರಿಗೂ ಆರು ಬುದ್ಧಿ ಇತ್ತು, ಸತ್ತವನು ಸತ್ತ ಹಾಗೆ ಇರುತ್ತಿದ್ದ. ಈಗಿನ ಆಟದಲ್ಲಿ ತಲೆ ಜಜ್ಜಿಸಿಕೊಂಡವನು ಹತ್ತು ಎಣಿಸುವುದರಲ್ಲಿ ಬೆಂಕಿಯ ಪಕ್ಕದಲ್ಲಿ ಎದ್ದು ಕೂರುತ್ತಾನೆ, ಅದೆಂಥ ಸಾವು ಎಂದು ಕೇಳುತ್ತಿದ್ದ. ಜೂನಿನ ಎರಡನೇ ಭಾನುವಾರ ಎಂಜಿನಿಯರ್ ಅದಕ್ಕೆ ಉತ್ತರ ಕೊಟ್ಟ. ಆಗ ನಾವು ಪ್ರತಿ ಬಾಗಿಲ ಮುಂದೆ ಆಟವನ್ನು ಸೇವ್ ಮಾಡಿ ಉಳಿಸಿಟ್ಟುಕೊಂಡೇ ಒಳಗೆ ಹೋಗುತ್ತಿದ್ದೆವು. ಯಾರಾದರೂ ಸತ್ತರೆ ಉಳಿಸಿದ್ದನ್ನು ಮತ್ತೆ ತೆರೆಯುತ್ತಿದ್ದೆವು. ಹಾಗಾದರೆ ನಮ್ಮ ಆರು ಜನರಲ್ಲಿ ಸತ್ತವರು ಯಾರು, ಹೇಳು ಎಂದ. ಆ ದಿನ ಫಿಟ್ಟರ್ ಬೇಗ ಬಸ್ ಹತ್ತಿದ.

ಮುಂದಿನ ವಾರ ಅಂಗಡಿಯವರು ಒಂದು ದಾರಿ ಹೇಳಿದರು. ಬಾಯಿಂದ ಬೇಡ, ಆಡಿಯೇ ನೋಡೋಣ. ಒಂದೊಂದು ಕಾಲದ ಒಂದೊಂದು ಆಟ. ಪ್ರತಿ ಆಟದಲ್ಲೂ ನಾಲ್ವರೂ ಒಬ್ಬೊಬ್ಬ ದೊಡ್ಡ ಶತ್ರುವನ್ನು ತಮ್ಮ ಕೈಯಾರೆ ಕೊಲ್ಲಬೇಕು. ಎಲ್ಲ ಮುಗಿದ ಮೇಲೆ ಮತ. ಹಳೆಯ ಪದ್ಧತಿಯಂತೆ ಇದನ್ನೂ ಕೈ ಎತ್ತಿ ತೀರ್ಮಾನಿಸಿದೆವು. ಈ ನಿಯಮ ಯಾರ ಮೇಲೆ ಬೀಳುತ್ತದೆ ಎಂದು ನಾನು ಯೋಚಿಸಿದ್ದು ಕೈ ಎತ್ತಿದ ಮೇಲೆ. ನಾಲ್ಕೂ ಕೈ ಮೇಲಿದ್ದವು. ಫಿಟ್ಟರ್ ಬಲಗೈ ಎತ್ತಿದ್ದ.

ನನ್ನ ಆಟ ಹತ್ತು ನಿಮಿಷದಲ್ಲಿ ಮುಗಿಯಿತು. ಫಿಟ್ಟರನ ಆಟದಲ್ಲಿ ಅವನೇ ಎಲ್ಲರಿಗಿಂತ ಚೊಕ್ಕವಾಗಿ ಕೊಂದ. ಅಂಗಡಿಯವರ ಆಟದಲ್ಲಿ ಎರಡು ಸಲ ಸತ್ತು ಮೂರನೆಯ ಸಲ ಗೆದ್ದ. ನಾಲ್ಕನೆಯದು ಎಂಜಿನಿಯರನ ಆಟ. ಅದಕ್ಕೆ ಕೀಬೋರ್ಡ್ ಅಲ್ಲ, ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಕಡ್ಡಿ ತಿರುಗಿಸುವ ಕಂಟ್ರೋಲರ್. ಶತ್ರು ಕಬ್ಬಿಣದ ಅಂಗಿ ತೊಟ್ಟ ದೈತ್ಯ, ಕೈಯಲ್ಲಿ ಬಂಡೆಯಷ್ಟು ದೊಡ್ಡ ಸುತ್ತಿಗೆ. ನಾವು ಮೂವರೂ ಮೂರು ನಾಲ್ಕು ಪ್ರಯತ್ನದಲ್ಲಿ ಅವನನ್ನು ಕೆಡವಿದೆವು. ಫಿಟ್ಟರ್ ಕಂಟ್ರೋಲರನ್ನು ಮೊಣಕಾಲಿಗೆ ಒತ್ತಿ ಹಿಡಿದು, ಬಲಗಡೆಯ ಕಡ್ಡಿಯನ್ನು ಅಂಗೈಯ ಉಳಿದ ಗಂಟಿನಿಂದ ದೂಡುತ್ತ ಆಡಿದ.

ಮೊದಲ ಏಟಿಗೆ ಅವನ ಸೈನಿಕನ ಎದೆ ಒಳಗೆ ಹೋಯಿತು. ಎರಡನೆಯ ಸಲ ತಲೆ. ಮೂರನೆಯ ಸಲ ದೈತ್ಯ ಅವನನ್ನು ಎತ್ತಿ ಕಂಬಕ್ಕೆ ಬಡಿದ. ಸತ್ತಾಗಲೆಲ್ಲ ಪರದೆ ಕೆಂಪಾಗಿ, ನೀನು ಸತ್ತೆ ಎಂಬ ಅಕ್ಷರ ಬಂದು, ಮತ್ತೆ ಅದೇ ಬಾಗಿಲು. ಆರನೆಯ ಸಲದವರೆಗೆ ಅಂಗಡಿಯವರು ತಮಾಷೆ ಮಾಡಿದರು. ಆಮೇಲೆ ಬಿಟ್ಟರು. ಸುತ್ತಿಗೆ ಬೀಳುವ ಸದ್ದು, ಎಲುಬು ಮುರಿಯುವ ಸದ್ದು ಮಾತ್ರ ಇತ್ತು. ಈಗಿನ ಆಟಗಳಲ್ಲಿ ಆ ಸದ್ದು ನಿಜದ ಹಾಗೆಯೇ ಇರುತ್ತದೆ. ಹನ್ನೊಂದನೆಯ ಸಲ ದೈತ್ಯನ ಅರ್ಧ ಜೀವ ಹೋಯಿತು. ಹದಿನಾಲ್ಕನೆಯ ಸಲ ಇನ್ನೊಂದು ಏಟು ಬಾಕಿ ಇತ್ತು. ಅಂಗೈ ಕಡ್ಡಿಯಿಂದ ಪಕ್ಕಕ್ಕೆ ಹೋಯಿತು, ಸುತ್ತಿಗೆ ಬಿತ್ತು. ಫಿಟ್ಟರನ ಅಂಗೈಯ ಹಳೆಯ ಹೊಲಿಗೆ ಕೆಂಪಾಗಿತ್ತು.

ಅವನು ಹದಿನೈದನೆಯದಕ್ಕೆ ಗುಂಡಿ ಒತ್ತುವ ಮೊದಲು ಎಂಜಿನಿಯರ್ ಕೈ ಚಾಚಿ ಕಂಟ್ರೋಲರನ್ನು ಎಳೆದುಕೊಂಡ. ಎಳೆದುಕೊಂಡ ಎನ್ನುವುದು ಒರಟಾಯಿತು, ಮೆಲ್ಲಗೇ ತೆಗೆದುಕೊಂಡ.

"ಕೊಡು ಲೇ ಇಲ್ಲಿ," ಎಂದ. "ಇದಕ್ಕ ಎಲ್ಲಾ ಬೆರಳೂ ಬೇಕು."

ಫಿಟ್ಟರ್ ಕೊಟ್ಟ. ಎಂಜಿನಿಯರ್ ಮೊದಲ ಪ್ರಯತ್ನದಲ್ಲೇ ದೈತ್ಯನ ಮೊಣಕಾಲು ಕತ್ತರಿಸಿ, ಬಿದ್ದವನ ಕುತ್ತಿಗೆಗೆ ಕತ್ತಿ ಇಳಿಸಿದ. ದೈತ್ಯ ಬಿದ್ದ ಸದ್ದು ಮುಗಿಯುವುದರೊಳಗೆ ಫಿಟ್ಟರ್ ಎದ್ದು, ರಿಪೇರಿಗೆ ಬಂದ ಸಾಮಾನಿನ ರಾಶಿಯಿಂದ ಹಳೆಯ ಕಾಲದ ಭಾರದ ಕೀಬೋರ್ಡ್ ಒಂದನ್ನು ಎಡಗೈಯಲ್ಲಿ ತೆಗೆದುಕೊಂಡಿದ್ದ. ಅಂಚು ಮುಂದೆ ಮಾಡಿ ಹೊಡೆದ. ಎರಡನೆಯ ಏಟಿಗೆ ಎತ್ತಿದಾಗ ಅಂಗಡಿಯವರು ಹಿಂದಿನಿಂದ ತಬ್ಬಿ ಹಿಡಿದರು. ಅವರ ಪಕ್ಕೆಗೆ ಮೊಣಕೈಯಿಂದ ತಿವಿದು ಬಿಡಿಸಿಕೊಂಡ. ಆದರೆ ಮತ್ತೆ ಹೊಡೆಯಲಿಲ್ಲ. ನೆಲದ ಮೇಲೆ ಎಂಜಿನಿಯರ್ ಬಾಯಿಗೆ ಎರಡೂ ಕೈ ಅಡ್ಡ ಇಟ್ಟುಕೊಂಡು ಮಗ್ಗುಲಾಗಿ ಬಿದ್ದಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಫಿಟ್ಟರ್ ಕೀಬೋರ್ಡಿನ ಅಂಚನ್ನು ತನ್ನ ಅಂಗಿಗೆ ಒರೆಸಿ, ತೆಗೆದ ಜಾಗದಲ್ಲೇ ಇಟ್ಟ.

ಆಟೊದಲ್ಲಿ ಆಸ್ಪತ್ರೆಗೆ ಹೋದೆವು. ಫಿಟ್ಟರೂ ಬಂದ. ದಾರಿಯುದ್ದಕ್ಕೂ ಎಂಜಿನಿಯರನ ಗದ್ದಕ್ಕೆ ಟವೆಲ್ ಒತ್ತಿ ಹಿಡಿದವನು ಅವನೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಹೇಗಾಯಿತು ಎಂದು ವೈದ್ಯರು ಕೇಳಿದರು. ಎಂಜಿನಿಯರ್ ಮಾತಾಡುವಂತಿರಲಿಲ್ಲ. ಪೆನ್ನು ಕೇಳಿ ಚೀಟಿಯ ಹಿಂಭಾಗದಲ್ಲಿ ಬರೆದ: ನೆಲ ಒದ್ದೆ ಇತ್ತು, ಜಾರಿ ಬಿದ್ದೆ. ವೈದ್ಯರು ನನ್ನ ಕಡೆ ನೋಡಿದರು. ಆಮೇಲೆ ಅದನ್ನೇ ಬರೆದುಕೊಳ್ಳತೊಡಗಿದರು. ಅವರ ಹಿಂದೆ ನಿಂತಿದ್ದ ಫಿಟ್ಟರ್ ಅದನ್ನು ಓದಿದ.

"ಸರ್, ಬಿದ್ದಿಲ್ರಿ," ಎಂದ. "ನಾ ಹೊಡದೀನಿ."

ವೈದ್ಯರು ತಲೆ ಎತ್ತಿ ಅವನ ಮುಖ ನೋಡಿದರು, ಆಮೇಲೆ ಬಲಗೈ ನೋಡಿದರು.

"ನೀವು ಹೊರಗ ಕುಂದರ್ರಿ," ಎಂದರು.

ದವಡೆಗೆ ಎರಡು ಕಡೆ ಲೋಹದ ಪಟ್ಟಿ ಹಾಕಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಗಂಜಿಯ ತಿಳಿ ಮಾತ್ರ. ಎಂಜಿನಿಯರನ ಅಣ್ಣಂದಿರು ಬಂದು ಯಾರು, ಏನು ಎಂದು ನಮ್ಮನ್ನು ಕೇಳಿದರು. ಅವನು ಅವರಿಗೂ ಅದೇ ಚೀಟಿ ತೋರಿಸಿದ.

ಎರಡು ವಾರದ ಮೇಲೆ ನಾನು ಕಂಪ್ಲಿಗೆ ಹೋದೆ. ಫಿಟ್ಟರ್ ಗಿರಣಿಯ ತೂಕದ ಕೋಣೆಯಲ್ಲಿದ್ದ. ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಎಡಗೈಯಲ್ಲಿ ಅಂಕಿ ಒತ್ತುತ್ತ, ಚೀಟಿ ಹರಿದು ಕೊಡುತ್ತ, ನಡುನಡುವೆ ಮಾತಾಡಿದ. ಎಂಜಿನಿಯರನ ಬಾಯಿ ಹೇಗಿದೆ ಎಂದು ಮೊದಲು ಕೇಳಿದ. ಹೇಳಿದೆ. ಎಷ್ಟು ತೂಕ ಇಳಿದಿದ್ದಾನೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆಮೇಲೆ, ತಾನು ಹೊಸಪೇಟೆಯ ಠಾಣೆಗೆ ಹೋಗಿದ್ದೆ ಎಂದ. ಹೊಡೆದವನು ನಾನು, ಬರೆದುಕೊಳ್ಳಿ ಎಂದು ಹೇಳಿದನಂತೆ. ಪೆಟ್ಟು ತಿಂದವನೇ ಬಿದ್ದೆ ಅನ್ನುತ್ತಿದ್ದಾನೆ, ಆಸ್ಪತ್ರೆಯ ಕಾಗದದಲ್ಲೂ ಹಾಗೇ ಇದೆ, ಸುಮ್ಮನೆ ಮನೆಗೆ ಹೋಗು ಎಂದು ಅಲ್ಲಿದ್ದವರು ಕಳಿಸಿದರಂತೆ.

ಹೋಗಲಿ ಬಿಡು, ಅವನು ನಿನ್ನ ಒಳ್ಳೆಯದಕ್ಕೇ ಹಾಗೆ ಬರೆದಿದ್ದಾನೆ ಎಂದೆ. ಅವನು ಒಂದು ಲಾರಿ ದಾಟಿಸಿದ. ಇನ್ನೊಂದು ತೂಕಕ್ಕೆ ಹತ್ತಿತು. ಅದನ್ನು ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದ.

"ನಿಮ್ಮ ಪೇಪರ್ನಾಗ ಏನ್ ಬರದಿದ್ದಿ? ಕೈ ಜಾರಿ. ನಂದು ಜಾರಲಿಲ್ಲ. ಹಗ್ಗ ಎಳದೆ, ಎರಡ್ ಸಲ ಎಳದೆ, ಬೆಲ್ಟ್ ನಿಂದರಲಿಲ್ಲ. ಅಂಗಡ್ಯಾಗಿನ ಆ ಆಟದಾಗ ಸ್ಪೇಸ್ ಒತ್ತಿದ್ರ ನಿಂದರ್ತಿತ್ತು. ಅದಕ್ಕ ನನಗ ಅದು ಚಿನ್ನದ ಕಾಲ. ಬರವಣಿಗಿ, ಬುದ್ಧಿ, ಅವೆಲ್ಲಾ ಬಾಯಿ ಮಾತು." ಹೊರಗೆ ಲಾರಿಯವನು ಹಾರನ್ ಒತ್ತಿದ. ಇವನು ನೋಡಲಿಲ್ಲ. "ಈಗ ಇವನೂ ಜಾರಿ ಬಿದ್ದೆ ಅಂತ ಬರದಾನ. ನನ್ನ ಕೈ ಏನ್ ಮಾಡಿದ್ರೂ ಜಾರಿದ್ದೇ ಆಗಬೇಕೇನು? ಹೊಡದೀನಿ. ಬೇಕಂತ ಹೊಡದೀನಿ. ನೀ ಕಣ್ಣಾರೆ ಕಂಡಿ. ಕಂಡದ್ದು ಬರಿ."

ಪ್ರಕರಣ ಆದರೆ ಗಿರಣಿಯವರು ಇಟ್ಟುಕೊಳ್ಳುವುದಿಲ್ಲ ಎಂದೆ.

"ಗೊತ್ತೈತಿ," ಎಂದು ಲಾರಿಯ ಕಡೆ ತಿರುಗಿದ.

ಮಾರನೆಯ ದಿನ ಹಂಪಿಗೆ ಹೋಗಿ ಎಂಜಿನಿಯರಿಗೆ ಇದನ್ನೆಲ್ಲ ಹೇಳಿದೆ. ಅವನ ಕೆನ್ನೆ ಒಳಗೆ ಹೋಗಿತ್ತು, ಗದ್ದದ ಕೆಳಗೆ ಹಸಿರುಗಟ್ಟಿದ ಕಲೆ. ಮಗಳ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದ. ಕಸಿದುಕೊಂಡದ್ದು ನಾನು, ತಪ್ಪು ನನ್ನದು ಎಂದು ಬರೆದ. ತಪ್ಪಿನ ವಿಷಯ ಅಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳು ಎನ್ನುತ್ತಿದ್ದಾನೆ ಎಂದೆ. ಒರೆಸಿ, ಬೇಡ ಎಂದು ಬರೆದ. ನಾನು ಮತ್ತೆ ಹೇಳಿದಾಗ ಬಳಪವನ್ನು ಎಷ್ಟು ಒತ್ತಿದನೆಂದರೆ ಅದು ಮುರಿಯಿತು. ಮುರಿದ ತುಂಡಿನಲ್ಲಿ, ಕೇಸ್ ಆದರೆ ಅವನ ಕೆಲಸ ಹೋಗುತ್ತದೆ, ಆಮೇಲೆ ನಿನ್ನ ಮುಖ ನೋಡುವುದಿಲ್ಲ ಎಂದು ಬರೆದು ಸ್ಲೇಟನ್ನು ನನ್ನ ತೊಡೆಯ ಮೇಲೆ ಇಟ್ಟ.

ಜುಲೈ ಎರಡನೇ ವಾರ ನಾನು ಠಾಣೆಗೆ ಹೋಗಿ ಲಿಖಿತ ಹೇಳಿಕೆ ಕೊಟ್ಟೆ. ಎರಡು ಪುಟ. ಯಾರು ಎಲ್ಲಿ ಕುಳಿತಿದ್ದರು, ಯಾರು ಏನಂದರು, ಕೀಬೋರ್ಡ್ ಎಲ್ಲಿ ಇತ್ತು, ಏಟು ಯಾವ ಕೈಯದು, ಅಷ್ಟೇ. ನೆಲ ಒಣಗಿತ್ತು ಎಂದೂ ಬರೆದೆ. ಬೇಕೆಂದು ಹೊಡೆದ ಎಂದು ಬರೆಯಲಿಲ್ಲ. ಇನ್ನೊಬ್ಬನ ಮನಸ್ಸಿನಲ್ಲಿದ್ದದ್ದು ನನಗೆ ಕಾಣುವಂಥದ್ದಲ್ಲ. ಅದನ್ನು ಫಿಟ್ಟರ್ ತನ್ನ ಹೇಳಿಕೆಯಲ್ಲಿ ಸೇರಿಸಿದ. ಅಂಗಡಿಯವರು ತಮ್ಮ ಪಕ್ಕೆಯ ನೋವಿನ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು. ತೀವ್ರ ಗಾಯಪಡಿಸಿದ ಪ್ರಕರಣ ದಾಖಲಾಯಿತು. ಅದೇ ದಿನ ಠಾಣೆಯಲ್ಲೇ ಜಾಮೀನಾಯಿತು. ಫಿಟ್ಟರ್ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿದ, ನಿಧಾನವಾಗಿ, ಪೂರ್ತಿ ಹೆಸರು. ಮೂರನೆಯ ದಿನ ಗಿರಣಿಯವರು, ಕೇಸ್ ಮುಗಿಸಿಕೊಂಡು ಬಾ ಎಂದು ಅವನನ್ನು ಕೆಲಸದಿಂದ ಬಿಡಿಸಿದರು. ಪ್ರಕರಣದ ಸುದ್ದಿ ನಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದನ್ನು ನಾನು ಬರೆಯಲಿಲ್ಲ, ಸಾಕ್ಷಿಯಾದವನು ಬರೆಯುವಂತಿಲ್ಲ. ಕೀಬೋರ್ಡಿನಿಂದ ಹಲ್ಲೆ, ಒಬ್ಬನಿಗೆ ಗಾಯ ಎಂದು ತಲೆಬರಹ ಇತ್ತು. ಫಿಟ್ಟರ್ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ ಎಂದು ಅವನ ಹೆಂಡತಿ ನನಗೆ ಫೋನಿನಲ್ಲಿ ಹೇಳಿದರು. ಹೇಳಿ, ಇನ್ನು ಮೇಲೆ ಈ ನಂಬರಿಗೆ ಮಾಡಬೇಡಿ ಎಂದರು.

ಎಂಜಿನಿಯರನ ತಂತಿ ಆಗಸ್ಟಿನಲ್ಲಿ ಬಿಚ್ಚಿದರು. ಪೊಲೀಸರ ಮುಂದೆ ಅವನು ಬಾಯಿಬಿಟ್ಟು ಹೇಳಿದ್ದು, ನೆಲ ಒದ್ದೆ ಇತ್ತು ಎಂದೇ. ನನ್ನ ಜೊತೆ ಅವನು ಮಾತಾಡುವುದಿಲ್ಲ. ಕೃತಕ ಹಲ್ಲು ಕೂರಿಸಿಕೊಂಡಿದ್ದಾನೆ. ದವಡೆ ಪೂರ್ತಿ ತೆರೆಯುವುದಿಲ್ಲ, ಉದ್ದದ ಸಾಲು ಓದಿದರೆ ನಡುವೆ ನಿಲ್ಲುತ್ತಾನೆ.

ಓದುತ್ತಾನೆ ಎನ್ನುವುದು ನನಗೆ ಗೊತ್ತಾದದ್ದು ಅಂಗಡಿಯವರಿಂದ. ಡಿಸೆಂಬರಿನಿಂದ ಅವನೂ ಫಿಟ್ಟರೂ ಮತ್ತೆ ಭಾನುವಾರ ಬರುತ್ತಿದ್ದಾರೆ. ಯಾವ ಕಾಲ ದೊಡ್ಡದು ಎಂಬ ಮಾತು ಬರುವುದಿಲ್ಲ. ಒಬ್ಬ ಓದುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಹೋಗುವಾಗ ಇಬ್ಬರೂ ಪ್ರಕರಣದ ಬಗ್ಗೆ ಒಂದು ಸುತ್ತು ಜಗಳವಾಡುತ್ತಾರೆ. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಫಿಟ್ಟರ್, ನೀನು ಒಪ್ಪಿಕೊಂಡರೂ ನಾನು ಬಿದ್ದೆ ಎಂದೇ ಹೇಳುತ್ತೇನೆ ಎಂದು ಎಂಜಿನಿಯರ್. ಹೋದ ತಿಂಗಳು ಒಮ್ಮೆ ಅಂಗಡಿಯವರು ನಡುವೆ ನಿಲ್ಲಬೇಕಾಯಿತಂತೆ.

ಪೊಲೀಸರು ಆರೋಪಪಟ್ಟಿ ಸಲ್ಲಿಸಿದ್ದಾರೆ. ಸಮನ್ಸ್ ಇನ್ನೂ ಬಂದಿಲ್ಲ.